ಭಾನುವಾರದ ಪೆಟ್ರೋಲು

ಗ್ರೈಂಡರಿನ ಗುಂಡುಕಲ್ಲಿಗೆ ಮೆತ್ತಿಕೊಂಡಿದ್ದ ದೋಸೆಹಿಟ್ಟನ್ನು ಶ್ರೀಪ್ರಿಯಾ ಬೆರಳಿನಿಂದ ಬಳಿದು ಪಾತ್ರೆಗೆ ಇಳಿಸುತ್ತಿದ್ದಳು. ಮೊಣಕೈವರೆಗೂ ಹಿಟ್ಟು. ಅಷ್ಟರಲ್ಲಿ ನಡುಮನೆಯಲ್ಲಿ ಫೋನು ಹೊಡೆದುಕೊಳ್ಳತೊಡಗಿತು.

"ತೇಜು, ಫೋನ್ ತೆಗಿಯೇ. ತಾತನೇ ಇರಬೇಕು. ಬರ್ತಾ ಇದೀನಿ ಅಂತ ಹೇಳು."

ತೇಜು ಆಗಲೇ ಚಪ್ಪಲಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಭಾನುವಾರ ಬೆಳಿಗ್ಗೆ ತಾತನ ಜೊತೆ ಪೆಟ್ರೋಲ್ ಬಂಕಿಗೆ ಹೋಗುವುದೆಂದರೆ ಅವಳಿಗೆ ಶಾಲೆಯ ಪಿಕ್‌ನಿಕ್‌ಗಿಂತ ಹೆಚ್ಚು. ಓಡಿ ಹೋಗಿ ರಿಸೀವರ್ ಎತ್ತಿದಳು. ಒಂದು ಕ್ಷಣ ಕೇಳಿಸಿಕೊಂಡು, "ಅಮ್ಮಾ, ಗುಣವತಿ ಆಂಟಿ. ನಿನ್ನನ್ನೇ ಕೇಳ್ತಿದಾರೆ" ಎಂದಳು.

ವೆಸ್ಟ್ ಮಾಂಬಲಂನಲ್ಲೇ ಎರಡು ಬೀದಿ ಆಚೆ ಅಪ್ಪ ಅಮ್ಮ ಇದ್ದ ಫ್ಲಾಟು. ಗುಣವತಿ ಅದೇ ಕಟ್ಟಡದ ಕೆಳಮನೆಯವರು. ಶ್ರೀಪ್ರಿಯಾ ರಿಸೀವರನ್ನು ಹಿಟ್ಟಿನ ಕೈಯಲ್ಲೇ ಹಿಡಿದು ಕಿವಿಗಿಟ್ಟಳು.

"ಶ್ರೀಪ್ರಿಯಾ, ಸ್ವಲ್ಪ ಬೇಗ ಬರ್ತೀಯಾಮ್ಮ? ನಿಮ್ಮಪ್ಪ ಕಾರಲ್ಲಿ ಕೂತಿದಾರೆ. ಕೂಗಿದರೆ ಮಾತಾಡ್ತಿಲ್ಲ."

ಅವಳು ಹೋಗುವಷ್ಟರಲ್ಲಿ ಎದುರು ಮನೆಯ ಡಾಕ್ಟರು ಬಂದು ನೋಡಿಯಾಗಿತ್ತು. ತಿರುಮಲೇಶರು ಸ್ಟೀರಿಂಗಿನ ಮುಂದೆ, ಎಂದಿನ ಹಾಗೆ ನೇರವಾಗಿ ಕೂತಿದ್ದರು. ಬೀಗದ ಕೈ ಬೆರಳ ನಡುವೆಯೇ ಇತ್ತು. ಕನ್ನಡಕ ಕೂಡ ಜಾರಿರಲಿಲ್ಲ. ಯಾರಿಗೋ ದಾರಿ ಬಿಟ್ಟುಕೊಟ್ಟು, ಅವರು ಹೋಗಲಿ ಎಂದು ಕಾಯುತ್ತಿರುವಂತೆ ಕಾಣುತ್ತಿದ್ದರು. ತೇಜು ಅಮ್ಮನ ಹಿಂದಿನಿಂದ ಇಣುಕಿ ನೋಡಿದಳು. ಗುಣವತಿ ಅವಳ ಭುಜ ಹಿಡಿದು ತಮ್ಮ ಮನೆಯೊಳಗೆ ಕರೆದುಕೊಂಡು ಹೋದರು.

*

ಮಧ್ಯಾಹ್ನದ ಹೊತ್ತಿಗೆ ತಿರುಮಲೇಶರನ್ನು ಕೆಳಗೆ, ಅವರ ಕಾರು ನಿಲ್ಲುತ್ತಿದ್ದ ಜಾಗದಲ್ಲೇ ಮಲಗಿಸಿದ್ದರು. ಫ್ಲಾಟಿನ ಮೆಟ್ಟಿಲು ಇಕ್ಕಟ್ಟು. ಮೇಲಕ್ಕೆ ಒಯ್ದು ಮತ್ತೆ ಇಳಿಸುವುದು ಕಷ್ಟ ಎಂದು ಎಲ್ಲರೂ ಹೇಳಿದರು. ಕಾರನ್ನು ನಾಲ್ಕು ಜನ ತಳ್ಳಿ ಗೇಟಿನ ಪಕ್ಕಕ್ಕೆ, ಮೆಟ್ಟಿಲ ಬುಡಕ್ಕೆ ನಿಲ್ಲಿಸಿದ್ದರು. ಸ್ನಾನ ಮಾಡಿಸಿ, ಹಣೆಗೆ ಎದೆಗೆ ತೋಳಿಗೆ ನಾಮ ಹಚ್ಚಿ, ತುಳಸಿಮಾಲೆ ಹಾಕಿದ್ದರು. ಮಗ ಸತ್ಯಾತ್ಮ ಅಂಬತ್ತೂರಿನಿಂದ ಬಂದು, ಒದ್ದೆ ಪಂಚೆಯಲ್ಲಿ ಪುರೋಹಿತರ ಪಕ್ಕ ನಿಂತಿದ್ದ.

ಅಂಬುಜಮ್ಮ ಮಾತ್ರ ಕೆಳಗೆ ಬಂದಿರಲಿಲ್ಲ.

ಎರಡನೇ ಮಹಡಿಯ ಅಡುಗೆಮನೆಯಲ್ಲಿ, ಹಚ್ಚದ ಒಲೆಯ ಪಕ್ಕದ ಗೋಡೆಗೆ ಒರಗಿ ಕೂತಿದ್ದರು. ಗುಣವತಿ ಫ್ಲಾಸ್ಕಿನಲ್ಲಿ ತಂದಿಟ್ಟ ಕಾಫಿ ಮುಟ್ಟಿರಲಿಲ್ಲ. ಶ್ರೀಪ್ರಿಯಾ ಪಕ್ಕದಲ್ಲಿ ಕೂತಳು.

"ಅಮ್ಮಾ, ಒಂದು ಸಲ ಬಂದು ನೋಡು."

"ಬರಲ್ಲ."

"ಆಮೇಲೆ ನೋಡಬೇಕು ಅಂದರೂ ಆಗಲ್ಲಮ್ಮ."

"ಗೊತ್ತು ಕಣೇ. ಅಷ್ಟೂ ತಿಳಿಯದವಳಾ ನಾನು?" ಅಂಬುಜಮ್ಮ ಮಗಳ ಕಡೆ ನೋಡಲಿಲ್ಲ. "ಬೆಳಿಗ್ಗೆ ಪೂಜೆ ಮುಗಿಸಿ ಬಂದರು. ಕಾಫಿ ಕೊಟ್ಟೆ. ಬೀಗದ ಕೈ ತೊಗೊಂಡರು. ಇವತ್ತೂ ಕ್ಯೂ ಇರತ್ತೋ ಅಂದೆ. ನಕ್ಕರು. ಆ ನಗು ನೋಡಿ ಮೈಯೆಲ್ಲ ಉರಿದುಹೋಯಿತು. ಹೋಗಿ, ಆ ಬಂಕಿನಲ್ಲೇ ಇದ್ದುಬಿಡಿ, ಮನೆಗೆ ಬರಲೇಬೇಡಿ ಅಂದೆ."

"ಮಾತಿಗೆ ಅಂದಿದ್ದು ತಾನೇ."

"ಮಾತಿಗಲ್ಲ. ಮನಸ್ಸಿನಿಂದಲೇ ಅಂದೆ." ಸೀರೆಯ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. "ನಿನ್ನ ಗಂಡ ಸ್ಕೂಟರಿಗೆ ಪೆಟ್ರೋಲ್ ಹಾಕಿಸಕ್ಕೆ ಎಷ್ಟು ಹೊತ್ತು ಮಾಡ್ತಾನೆ ಹೇಳು? ಇವರು ವಾರವಾರ ಗಂಟೆಗಟ್ಟಲೆ. ಕೇಳಿದರೆ ಕ್ಯೂ ಇತ್ತು ಅನ್ನೋದು. ಭಾನುವಾರ ಬೆಳಿಗ್ಗೆ ಈ ಊರಲ್ಲಿ ನಾಯಿ ಕೂಡ ಎದ್ದಿರಲ್ಲ, ಎಲ್ಲಿಯ ಕ್ಯೂ? ನನ್ನ ಮುಖ ನೋಡ್ಕೊಂಡು ಮನೇಲಿರಕ್ಕೆ ಆಗದೆ ಹೋಗ್ತಿದ್ದರು. ಅದೂ ಒಂದು ವರ್ಷ, ಎರಡು ವರ್ಷ ಅಲ್ಲ."

"ಹಾಗೆಲ್ಲ ಏನಿಲ್ಲಮ್ಮ."

"ಇದೆ. ನನಗೆ ಗೊತ್ತು. ಹೋಗಲಿ, ಹೋಗ್ತಿದ್ದರು, ಬರ್ತಿದ್ದರು. ಇವತ್ತು ಬರಬೇಡಿ ಅಂದೆ, ಬರಲಿಲ್ಲ. ಈಗ ಯಾವ ಮುಖ ಇಟ್ಕೊಂಡು ಅವರ ಬಾಯಿಗೆ ಅಕ್ಕಿ ಹಾಕಲಿ? ಸತ್ಯಾತ್ಮ ಹಾಕಲಿ. ನೀನು ಹಾಕು. ನನ್ನನ್ನ ಕರೀಬೇಡ."

ಕೆಳಗಿನಿಂದ ಸತ್ಯಾತ್ಮ ಕೂಗಿದ. ಕಾಂಚೀಪುರದಿಂದ ಅಮ್ಮಣ್ಣಿ ಅತ್ತೆ ಬಸ್ಸು ಹತ್ತಿದ್ದಾರೆ, ತಾಂಬರಂನಲ್ಲಿ ಇಳಿಯುತ್ತಾರೆ. ಒಡಹುಟ್ಟಿದ ಅಕ್ಕ ಬರದೆ ಎತ್ತುವ ಹಾಗಿಲ್ಲ. ಮಂಡಿನೋವಿನವರು, ಆಟೋದಲ್ಲಿ ಮುದುಡಿ ಕೂರಲಾರರು.

"ಭಾವ, ಅಪ್ಪನ ಕಾರಲ್ಲೇ ಹೋಗಿ ಕರ್ಕೊಂಡು ಬಂದುಬಿಡಿ. ಅಕ್ಕ, ನೀನೂ ಹೋಗು. ಆ ಮಗೂನೂ ಕರ್ಕೊಂಡು ಹೋಗು. ಬೆಳಿಗ್ಗೆಯಿಂದ ಅದು ಬಾಯೇ ಬಿಟ್ಟಿಲ್ಲ."

*

ಶ್ರೀಪ್ರಿಯಾಳ ಗಂಡ ಮುರಳೀಧರನಿಗೆ ಕಾರು ಓಡಿಸಲು ಬರುತ್ತಿತ್ತು, ಅಭ್ಯಾಸವಿರಲಿಲ್ಲ. ಮಾವ ಕೂತಿದ್ದ ಸೀಟಿನಲ್ಲಿ ಕೂರುವ ಮುಂಚೆ ಒಂದು ಕ್ಷಣ ಹಿಂಜರಿದ. ಬೀದಿ ತಿರುವು ದಾಟುತ್ತಲೇ, "ಪೆಟ್ರೋಲ್ ಮುಳ್ಳು ಪೂರ್ತಿ ಮಲಗಿದೆ. ತಾಂಬರಂ ಮುಟ್ಟಲ್ಲ" ಎಂದ.

"ತಾತ ಹೋಗೋ ಬಂಕಿಗೇ ಹೋಗೋಣ ಅಪ್ಪಾ" ಎಂದಳು ತೇಜು ಹಿಂದಿನಿಂದ. ಬೆಳಗಿನಿಂದ ಅವಳಾಡಿದ ಮೊದಲ ಮಾತು ಅದು.

ಬಂಕಿನವನು ಕಾರು ನೋಡಿದವನೇ, "ಅಯ್ಯಾ ವರಲಿಯಾ ಇನ್ನಿಕ್ಕಿ?" ಎಂದ, ಇವತ್ತು ಯಜಮಾನರು ಬರಲಿಲ್ಲವೇ ಎಂದು. ಮುರಳೀಧರ ಇಲ್ಲವೆಂದು ತಲೆಯಾಡಿಸಿದ. ತೇಜು ಅಮ್ಮನ ಮುಖ ನೋಡಿದಳು. ಶ್ರೀಪ್ರಿಯಾ ಅವಳ ಕೈ ಒತ್ತಿದಳು.

ಪೆಟ್ರೋಲ್ ಬಿಡಲು ಶುರುಮಾಡಿದ ಕೂಡಲೇ ಪೈಪು ಟಕ್ಕೆಂದು ನಿಂತಿತು. ಮತ್ತೆ ಒತ್ತಿದ, ಮತ್ತೆ ಟಕ್. ಮೂರನೇ ಸಲ ಗೊಳಕ್ಕೆಂದು ಉಗುಳಿ ಮುರಳೀಧರನ ಬಿಳಿ ಪಂಚೆಯ ಮೇಲೆ ಚೆಲ್ಲಿತು.

"ಏನಪ್ಪಾ ಇದು! ಖಾಲಿ ಟ್ಯಾಂಕು, ಒಳಗೆ ಹೋಗಲ್ಲ ಅಂತಿದೆ."

"ಇಂದ ವಂಡಿ ಅಪ್ಪಡಿದಾನ್ ಸಾರ್" ಎಂದ ಬಂಕಿನವನು, ಈ ಗಾಡಿಯೇ ಹೀಗೆ ಎಂಬಂತೆ ಕೈಯಾಡಿಸಿ. ಪೈಪನ್ನು ಮುರಳೀಧರನ ಕೈಗೇ ಕೊಟ್ಟು ಪಕ್ಕದ ಬೈಕಿನ ಕಡೆ ಹೋದ.

ಮುರಳೀಧರ ಬಿಡುವವನಲ್ಲ. ಮನೆಯಲ್ಲಿ ಮಿಕ್ಸಿ ನಿಂತರೂ ಬಿಚ್ಚಿ ಹರವಿಕೊಂಡು ಕೂರುವ ಜಾತಿ. ಈ ಪೈಪೇ ಸರಿಯಿಲ್ಲ ಎಂದು ಕಾರನ್ನು ಪಕ್ಕದ ಪಂಪಿಗೆ ಒಯ್ದ. ಅಲ್ಲೂ ಟಕ್. ಕಾರು ಓರೆಯಾಗಿ ನಿಂತಿದೆ ಎಂದು ಹಿಂದೆ ಮುಂದೆ ಮಾಡಿ ಸಮತಟ್ಟಿಗೆ ನಿಲ್ಲಿಸಿದ. ಅಲ್ಲೂ ಟಕ್. ಹಿಂದೆ ಆಟೋದವನು ಹಾರನ್ ಒತ್ತತೊಡಗಿದ.

"ಅಪ್ಪಾ, ಅಪ್ಪಡಿ ಇಲ್ಲ, ಹಾಗಲ್ಲ" ಎನ್ನುತ್ತಾ ತೇಜು ಕೆಳಗಿಳಿದಳು. "ಫುಲ್ಲಾಗಿ ಒಳಗೆ ತಳ್ಳಬಾರದು. ತಾತ ಸ್ವಲ್ಪ ಸ್ವಲ್ಪ ಬಿಡ್ತಾರೆ. ಆಮೇಲೆ ಸೌಂಡ್ ನಿಲ್ಲೋವರೆಗೂ ವೆಯ್ಟ್ ಮಾಡಬೇಕು."

"ಯಾವ ಸೌಂಡೇ?"

ತೇಜು ಹಿಂದಿನ ಚಕ್ರದ ಮೇಲಿನ ತಗಡಿಗೆ ಕಿವಿ ಒತ್ತಿ, ಅಪ್ಪನನ್ನೂ ಬಾ ಎಂದು ಕರೆದಳು. ಮುರಳೀಧರ ಬಗ್ಗಿ ಕಿವಿಯಿಟ್ಟ. ಒಳಗೆ ಯಾರೋ ಗಂಟಲು ತೊಳೆಯುತ್ತಿರುವ ಹಾಗೆ ಗುಳುಗುಳು ಸದ್ದು.

*

ಆ ಸದ್ದು ನಿಲ್ಲುವುದನ್ನು ಕಾಯುತ್ತಾ ತಿರುಮಲೇಶರು ಎಷ್ಟೋ ಭಾನುವಾರಗಳನ್ನು ಆ ಬಂಕಿನಲ್ಲಿ ಕಳೆದಿದ್ದರು.

ಮೊದಮೊದಲು ಬಂಕಿನವರು ಗೊಣಗುತ್ತಿದ್ದರು. ಕೊನೆಗೆ ಪೈಪನ್ನು ಅವರ ಕೈಗೇ ಒಪ್ಪಿಸಿ ತಮ್ಮ ಪಾಡಿಗೆ ತಾವಿರುತ್ತಿದ್ದರು. ಹಿಂದೆ ಯಾವುದಾದರೂ ಗಾಡಿ ಬಂದರೆ ತಿರುಮಲೇಶರು ಪೈಪು ತೆಗೆದಿಟ್ಟು, ಕಾರನ್ನು ಪಕ್ಕಕ್ಕೆ ತಳ್ಳಿ, ಅವರದಾದ ಮೇಲೆ ಮತ್ತೆ ತಳ್ಳಿಕೊಂಡು ಬರುತ್ತಿದ್ದರು. ಬೇಸರದ ಒಂದು ಗೆರೆಯೂ ಮುಖದಲ್ಲಿ ಕಾಣುತ್ತಿರಲಿಲ್ಲ. ಹಡಗು ಸರಕಿನ ಕಂಪನಿಯೊಂದರಲ್ಲಿ ಜೀವಮಾನವಿಡೀ ಗುಮಾಸ್ತರಾಗಿದ್ದವರು. ಬಂದರಿನ ಕಿಟಕಿಗಳ ಮುಂದೆ ನಿಂತು ಕಾಯುವುದು ಅವರಿಗೆ ಕೆಲಸದ ಒಂದು ಭಾಗವೇ ಆಗಿತ್ತು.

ತೇಜು ಗಾಳಿ ತುಂಬುವ ಯಂತ್ರದ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಳು.

"ತಾಂಬರಂನಿಂದ ಬೀಚ್‌ವರೆಗೂ ರೈಲ್ವೆ ಸ್ಟೇಷನ್ ಹೇಳು ನೋಡೋಣ."

"ಅದು ಸುಲಭ ತಾತ. ಉಲ್ಟಾ ಹೇಳಲಾ?"

"ಕನ್ನಡದಲ್ಲಿ ಹೇಳ್ತೀಯಾ?"

"ಸ್ಟೇಷನ್‌ಗೆ ಕನ್ನಡದಲ್ಲಿ ಏನು ತಾತ? ಕೋಡಂಬಾಕ್ಕಂ ಕೋಡಂಬಾಕ್ಕಂ ದಾನೇ!"

ತಿರುಮಲೇಶರು ನಗುತ್ತಿದ್ದರು. ಗಾಳಿ ತುಂಬುವವನು ಒಂದು ಸಲ ಕೇಳಿಯೂ ಕೇಳಿದ, ಇದನ್ನು ರಿಪೇರಿ ಮಾಡಿಸಬಾರದೇ ಸಾರ್ ಎಂದು. "ಇರಲಿ ಬಿಡಪ್ಪ. ನನಗೇನು ಅವಸರ?" ಎಂದಿದ್ದರು.

ಮನೆಗೆ ಬಂದರೆ ಬಾಗಿಲಲ್ಲೇ ಅಂಬುಜಮ್ಮನ ಪ್ರಶ್ನೆ. "ಏನು, ಇಷ್ಟು ಹೊತ್ತು?"

"ಕ್ಯೂ ಇತ್ತು."

ತೇಜು ಬಾಯಿ ತೆರೆಯುವ ಮುಂಚೆ ತಾತ ಅವಳ ಜಡೆಯನ್ನು ಮೆಲ್ಲಗೆ ಎಳೆಯುತ್ತಿದ್ದರು.

*

"ಪೆಟ್ರೋಲ್ ಒಳಗೆ ಹೋಗಬೇಕಾದರೆ ಒಳಗಿರೋ ಗಾಳಿ ಹೊರಗೆ ಬರಬೇಕು" ಎಂದ ಮುರಳೀಧರ, ತನಗೆ ತಾನೇ ಹೇಳಿಕೊಳ್ಳುವಂತೆ. "ಗಾಳಿಗೆ ದಾರಿಯಿಲ್ಲ. ಅದಕ್ಕೇ ಪೆಟ್ರೋಲನ್ನೇ ತಳ್ಳಿಕೊಂಡು ಬಾಯಿಗೆ ಬರ್ತಿದೆ."

ಕಾರನ್ನು ಪಕ್ಕಕ್ಕೆ ತಳ್ಳಿ ಡಿಕ್ಕಿ ತೆಗೆದ. ಮೂಲೆಯಲ್ಲಿ ಟ್ಯಾಂಕು. ಪೆಟ್ರೋಲ್ ಇಳಿಯುವ ದಪ್ಪ ಕೊಳವೆಯ ಜೊತೆಗೆ ಕಿರುಬೆರಳಿನಷ್ಟು ಸಣ್ಣ ರಬ್ಬರ್ ಪೈಪೊಂದು ಮೇಲಕ್ಕೆ ಹೋಗಿ, ಡಿಕ್ಕಿಯೊಳಗೇ ಬಾಗಿ ಕೊನೆಯಾಗಿತ್ತು. "ಇದೇ ಗಾಳಿ ಪೈಪು" ಎಂದು ಅದರ ತುದಿಯನ್ನು ಎಳೆದು ಬೆಳಕಿಗೆ ಹಿಡಿದ. ತುದಿಯ ಬಾಯಿ ಮುಚ್ಚಿತ್ತು. ಮಸುಕು ಹಳದಿಯ ಗಟ್ಟಿ ಮಣ್ಣು, ಪದರದ ಮೇಲೆ ಪದರ.

"ನೋಡಿದೆಯಾ! ಕುಂಬಾರ ಹುಳ ಗೂಡು ಕಟ್ಟಿದೆ. ಮಾವ ಒಂದು ಸಲ ಡಿಕ್ಕಿ ತೆಗೆದು ನೋಡಿದ್ದರೆ ಮುಗಿದುಹೋಗ್ತಿತ್ತು. ಒಂದು ಪಿನ್ನು ಕೊಡು."

ಶ್ರೀಪ್ರಿಯಾ ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದುಕೊಟ್ಟಳು. ಮುರಳೀಧರ ಕೆದಕಿದ. ಒಂದು ಚೂರು ಅವಳ ಅಂಗೈಗೆ ಉದುರಿತು. ಪುಡಿ ಮಾಡಲು ಹೋದವಳು ನಿಂತಳು. ಬೆರಳಿನಿಂದ ತಿಕ್ಕಿದಳು. ನುಣುಪು. ಹುಳ ತಂದ ಮಣ್ಣಿನಲ್ಲಿ ಮರಳಿರುತ್ತದೆ. ಇದರಲ್ಲಿ ಒಂದು ಕಣವೂ ಇರಲಿಲ್ಲ. ಈ ನುಣುಪನ್ನು ಅವಳ ಬೆರಳು ಚಿಕ್ಕಂದಿನಿಂದ ಬಲ್ಲದು. ಅಪ್ಪನಿಗೆ ಪೂಜೆಗೆ ಹೊತ್ತಾದಾಗ ಅವಳೇ ಎಷ್ಟೋ ಸಲ ತೇದುಕೊಟ್ಟಿದ್ದಳು.

"ರೀ, ಇದು ಹುಳದ ಮಣ್ಣಲ್ಲ. ಗೋಪಿಚಂದನ."

"ನಾಮ ಹಚ್ಚೋ ಗೋಪಿಚಂದನವಾ? ಇಲ್ಲಿಗೆ ಹ್ಯಾಗೆ ಬರತ್ತೆ?"

ಇಬ್ಬರೂ ತೇಜುವಿನ ಕಡೆ ತಿರುಗಿದರು. ತೇಜು ನೆಲ ನೋಡಿದಳು.

"ತಾತ ಹಾಕಿದ್ದು. ಪೂಜೆ ಆದಮೇಲೆ ಕೈಯಲ್ಲಿ ಸ್ವಲ್ಪ ಇಟ್ಕೊಂಡು ಬರ್ತಾರೆ. ಬಂಕಿಂದ ವಾಪಸ್ ಬಂದಮೇಲೆ, ಎಲ್ಲಿ ಕ್ರ್ಯಾಕ್ ಇರತ್ತೋ ಅಲ್ಲಿ ಹಚ್ತಾರೆ. ಅಜ್ಜಿಗೆ ಹೇಳಬಾರದು ಅಂದಿದ್ದರು. ದೇವರ ಗೋಪಿಚಂದನ ತೊಗೊಂಡು ಹೋಗಿ ಪೆಟ್ರೋಲ್ ಪೈಪಿಗೆ ಹಾಕಿದೆ ಅಂದರೆ ಅಜ್ಜಿ ಮನೆಯಿಂದಲೇ ಓಡಿಸಿಬಿಡ್ತಾರಂತೆ."

"ಆದರೆ ಯಾಕೆ ಹಾಕಿದರು?"

"ಕೇಳಿದೆ. ಕಾರಿಗೆ ಶೀತ ಆಗಬಾರದು ಅಂದರು. ಸುಮ್ಮನೆ ಜೋಕ್."

"ಸರಿ, ಹಾಕಿದರು ಅಂತಿಟ್ಕೋ. ಬಂಕಿಗೆ ಬಂದಾಗ ತೆಗೆದು, ತುಂಬಿಸಿಕೊಂಡು ಆಮೇಲೆ ಹೊಸದು ಮೆತ್ತಬಹುದಿತ್ತಲ್ಲ?"

"ಅದು ಪೂರ್ತಿ ಒಣಗಕ್ಕೆ ತುಂಬ ದಿನ ಬೇಕು ಅಪ್ಪಾ. ಒದ್ದೆ ಇದ್ದರೆ ಬಿದ್ದೋಗತ್ತೆ. ಮಧ್ಯಾಹ್ನವೇ ಅಜ್ಜಿ ಕಾರಲ್ಲಿ ಹೋಗಬೇಕಲ್ಲ."

ಮುರಳೀಧರ ಅರ್ಥವಾಗದೆ ಹೆಂಡತಿಯ ಮುಖ ನೋಡಿದ. ಅವಳಿಗೂ ಆಗ ಹೊಳೆಯಲಿಲ್ಲ. ಹೊತ್ತಾಗುತ್ತಿತ್ತು. ಉಳಿದದ್ದನ್ನೂ ಕೆದಕಿ ತೆಗೆದು ಪಂಪಿನ ಹತ್ತಿರ ಕಾರನ್ನು ತಂದರು. ಪೆಟ್ರೋಲು ಒಂದು ಸಲವೂ ತಡೆಯದೆ ಇಳಿಯಿತು. ಬಂಕಿನವನು ಹುಬ್ಬೇರಿಸಿ ಮುರಳೀಧರನ ಬೆನ್ನು ತಟ್ಟಿದ.

*

ಗಿಂಡಿ ದಾಟಿದ ಮೇಲೆ ತೇಜು ಮೂಗು ಮುಚ್ಚಿಕೊಂಡಳು.

"ಅಮ್ಮಾ, ಒಂದೇ ನಾತ್ತಂ."

ಶ್ರೀಪ್ರಿಯಾಗೂ ಗಂಟಲಲ್ಲಿ ಕಟುವಾಗಿ ಏನೋ ಕಟ್ಟಿಕೊಳ್ಳುತ್ತಿತ್ತು. ಮುರಳೀಧರನ ಪಂಚೆಯ ವಾಸನೆ ಇರಬೇಕೆಂದು ಕಿಟಕಿ ಇಳಿಸಿದಳು. ಮಧ್ಯಾಹ್ನದ ಬಿಸಿಲಿಗೆ ಕಾರು ಕಾದಷ್ಟೂ ಹಿಂದಿನ ಸೀಟಿನ ಸಂದಿಯಿಂದ ಪೆಟ್ರೋಲಿನ ಆವಿ ಎದ್ದು ಬರುತ್ತಿತ್ತು. ಪಂಚೆಯದಲ್ಲ. ಡಿಕ್ಕಿಯಿಂದ ಬರುತ್ತಿತ್ತು. ಆ ಸಣ್ಣ ಪೈಪಿನ ಈಗ ತೆರೆದ ಬಾಯಿಯಿಂದ.

ಪಲ್ಲಾವರಂ ಬಂತು. ರಸ್ತೆಯ ಎಡಕ್ಕೆ ಆ ಹಳೆಯ ಹುಣಿಸೆಮರ ಇನ್ನೂ ಇತ್ತು.

*

ನಿವೃತ್ತಿಯಾದ ವರ್ಷ ತಿರುಮಲೇಶರು ಯಾರೋ 'ಸಾಕಾಯಿತು' ಎಂದು ಮಾರಿದ ಈ ಕಾರನ್ನು ಕೊಂಡಿದ್ದರು. ಅಂಬುಜಮ್ಮನ ತಾಯಿ ಬೋರಮ್ಮ ಕ್ರೋಮ್‌ಪೇಟೆಯಲ್ಲಿ ಮಗನ ಮನೆಯಲ್ಲಿದ್ದರು. ಕಣ್ಣು ಹೋಗಿತ್ತು. ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಅಂಬುಜಮ್ಮನಿಗೆ ರೈಲಿನ ಮೇಲ್ಸೇತುವೆ ಹತ್ತಲು ಉಸಿರು ಕಟ್ಟುತ್ತಿತ್ತು, ಬಸ್ಸಿನ ಹೊಗೆ ಆಗುತ್ತಿರಲಿಲ್ಲ. ವಾರಕ್ಕೊಮ್ಮೆಯಾದರೂ ತಾಯಿಯ ಹತ್ತಿರ ಹೋಗಿ ತಲೆ ಬಾಚಿ ಬರುವಂತಾಗಲಿ ಎಂದೇ ಕಾರು.

ಮೊದಲ ಭಾನುವಾರವೇ, ಪಲ್ಲಾವರಂನ ಹುಣಿಸೆಮರದ ಕೆಳಗೆ ನಿಲ್ಲಿಸಬೇಕಾಯಿತು. ಅಂಬುಜಮ್ಮ ರಸ್ತೆಯ ಪಕ್ಕ ಕೂತು ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿದರು. ಉಟ್ಟ ರೇಷ್ಮೆ ಸೀರೆ ಹಾಳಾಯಿತು.

"ಈ ಪೆಟ್ರೋಲ್ ಡಬ್ಬದಲ್ಲಿ ನಾನಿನ್ನು ಕಾಲಿಡಲ್ಲ. ನೀವೇ ಓಡಿಸಿಕೊಂಡಿರಿ."

ತಿರುಮಲೇಶರು ಕಾರನ್ನು ಗ್ಯಾರೇಜಿಗೆ ಒಯ್ದು ಪೈಪು ಬದಲಾಯಿಸಿದರು. ಮುಚ್ಚಳ ಬದಲಾಯಿಸಿದರು. ಸೀಟಿನ ಹಿಂದೆ ಕರ್ಪೂರ ಕಟ್ಟಿದರು. ವಾಸನೆ ಹೋಗಲಿಲ್ಲ. ಕ್ರೋಮ್‌ಪೇಟೆಯಿಂದ ತಮ್ಮ ಫೋನು ಮಾಡಿ, ಅಮ್ಮ ದಿನಾ ನಿನ್ನ ಹೆಸರು ಹಿಡಿದು ಕೂಗುತ್ತಾಳೆ ಎಂದಾಗ ಅಂಬುಜಮ್ಮ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತರು.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ತಿರುಮಲೇಶರು, "ಒಂದೇ ಸಲ ಕೂತು ನೋಡು. ಆಗದಿದ್ದರೆ ತಿರುವಿನಿಂದಲೇ ವಾಪಸ್ಸು" ಎಂದರು. ಅಂಬುಜಮ್ಮ ನಿಂಬೆಹಣ್ಣು ಹಿಡಿದುಕೊಂಡು, ಕಣ್ಣು ಮುಚ್ಚಿ, ಸ್ತೋತ್ರ ಹೇಳಿಕೊಳ್ಳುತ್ತಾ ಕೂತರು. ಗಿಂಡಿ ಹೋಯಿತು. ವಿಮಾನ ನಿಲ್ದಾಣ ಹೋಯಿತು. ಕಣ್ಣು ಬಿಟ್ಟಾಗ ಕ್ರೋಮ್‌ಪೇಟೆ ಗೇಟು.

ಆಮೇಲೆ ಬಂದವರಿಗೆಲ್ಲ ಅದೇ ಕತೆ. "ವಾಸನೆ ಗೀಸನೆ ಎಲ್ಲ ಮನಸ್ಸಿಗೆ ಸಂಬಂಧಪಟ್ಟಿದ್ದು ನೋಡಿ. ಸ್ತೋತ್ರ ಹೇಳಿಕೊಂಡು ಕೂತೆ, ಹೋಯ್ತು. ಇವತ್ತಿಗೂ ನನಗೆ ಪೆಟ್ರೋಲ್ ಅಂದರೆ ಏನೂ ಇಲ್ಲ."

"ಹೌದು ಹೌದು. ಅವಳ ಮನಸ್ಸು ಗಟ್ಟಿ" ಎನ್ನುತ್ತಿದ್ದರು ತಿರುಮಲೇಶರು, ಪೇಪರಿನಿಂದ ತಲೆಯೆತ್ತದೆ.

ಬೋರಮ್ಮ ಹೋಗುವವರೆಗೂ ಪ್ರತಿ ಭಾನುವಾರ ಮಗಳ ಕೈಯಿಂದ ತಲೆ ಬಾಚಿಸಿಕೊಂಡರು. ಆಮೇಲೂ ಭಾನುವಾರದ ಕಾರು ನಿಲ್ಲಲಿಲ್ಲ. ಮಠಕ್ಕೆ, ಸಮುದ್ರಕ್ಕೆ, ಟಿ. ನಗರಕ್ಕೆ. ಅಂಬುಜಮ್ಮನ ದೂರು ಬೇರೆಯೇ. "ಉಡುಪಿಯಿಂದ ತರಿಸಿದ ಗೋಪಿಚಂದನ ನೋಡನೋಡುತ್ತಲೇ ಮುಗಿದುಹೋಗತ್ತೆ. ನಿಮ್ಮಪ್ಪ ನಾಮ ಹಚ್ಕೋತಾರೋ, ಮೊಸರನ್ನಕ್ಕೆ ನಂಚಿಕೋತಾರೋ ಕೇಳೇ!"

*

"ಅಮ್ಮನಿಗೋಸ್ಕರ" ಎಂದಳು ಶ್ರೀಪ್ರಿಯಾ, ಕಿಟಕಿಯಾಚೆ ನೋಡುತ್ತಾ.

"ಏನು?"

"ಆ ಪೈಪು ಮುಚ್ಚಿದ್ದು. ಅಮ್ಮನಿಗೆ ವಾಸನೆ ಬರಬಾರದು ಅಂತ ಅಪ್ಪ ಅದನ್ನ ಮುಚ್ಚಿದರು. ಮುಚ್ಚಿದ್ದಕ್ಕೆ ಪೆಟ್ರೋಲ್ ಒಳಗೆ ಹೋಗಲಿಲ್ಲ. ಹೋಗಲಿಲ್ಲ ಅಂತ ನಿಂತರು. ಇಷ್ಟು ವರ್ಷ."

ಮುರಳೀಧರ ಗೇರು ಬದಲಾಯಿಸುವುದನ್ನು ಮರೆತ. ಕಾರು ಗೊರಗೊರ ಎಂದಿತು. ಸ್ವಲ್ಪ ದೂರ ಹೋದ ಮೇಲೆ, "ಹೋದ ಕೂಡಲೇ ಅತ್ತೆಗೆ ಹೇಳಿಬಿಡು. ಸಮಾಧಾನ ಆಗತ್ತೆ" ಎಂದ.

"ಆಗತ್ತಾ?" ಶ್ರೀಪ್ರಿಯಾ ಧ್ವನಿ ತಗ್ಗಿಸಿದಳು. "ನಿನ್ನ ಮುಖ ನೋಡಲಾರದೆ ಹೋಗಿದ್ದಲ್ಲಮ್ಮ, ನಿನಗೋಸ್ಕರವೇ ಅಲ್ಲಿ ನಿಂತಿದ್ದರು ಅಂತ ಹೇಳಿದರೆ, ಬೆಳಿಗ್ಗೆ ಆಡಿದ ಮಾತು ಇನ್ನೂ ಆಳಕ್ಕೆ ಇಳಿಯಲ್ವಾ? ಈಗ ಅಪ್ಪನ ಮೇಲೆ ಸ್ವಲ್ಪ ಕೋಪವಾದರೂ ಇದೆ. ಅದನ್ನೇ ಹಿಡಿದುಕೊಂಡು ಕೂತಿದಾಳೆ. ಅದನ್ನೂ ಕಿತ್ತುಕೊಂಡರೆ?"

"ಅಮ್ಮಾ" ಎಂದಳು ಹಿಂದಿನಿಂದ ತೇಜು. "ಹಾಗಾದರೆ ಇನ್ನು..."

"ಆಮೇಲೆ ಕೇಳು ಪುಟ್ಟಾ. ಅಜ್ಜಿ ಮುಂದೆ ಏನೂ ಮಾತಾಡಬೇಡ. ಆಯ್ತಾ?"

ತೇಜು ತುಟಿ ಮುಚ್ಚಿಕೊಂಡಳು.

ತಾಂಬರಂ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅಮ್ಮಣ್ಣಿ ಕೂತಿದ್ದರು. ಕಾರು ನೋಡುತ್ತಲೇ ಎದ್ದರು, ಓಡಿಸುತ್ತಿರುವವನ ಮುಖ ನೋಡಿ ಮತ್ತೆ ಕೂತರು. ಶ್ರೀಪ್ರಿಯಾ ಇಳಿದು ತಬ್ಬಿ ಎಬ್ಬಿಸಿದಳು. ಕಾರಿನೊಳಗೆ ಕೂತ ಮೇಲೆ ಸೊರಸೊರ ಮೂಗೆಳೆದರು.

"ಏನೋ ಮುರಳಿ ಇದು, ಸೀಮೆಎಣ್ಣೆ ಅಂಗಡೀಲಿ ಕೂತ ಹಾಗಿದೆ! ಹೋದ ತಿಂಗಳು ತಿರುಮಲ ನನ್ನನ್ನ ಮಠಕ್ಕೆ ಕರ್ಕೊಂಡು ಹೋದಾಗ ಹೀಗಿರಲಿಲ್ಲಪ್ಪ."

ಶ್ರೀಪ್ರಿಯಾ ಕಿಟಕಿಯನ್ನು ಇನ್ನಷ್ಟು ಇಳಿಸಿದಳು. ಅಮ್ಮಣ್ಣಿ ತಮ್ಮಷ್ಟಕ್ಕೆ ಮಾತಾಡುತ್ತಾ ಹೋದರು. "ಚಿಕ್ಕೋನಿದ್ದಾಗಲೂ ಅಷ್ಟೇ ಕಣೇ ಅವನು. ಬೀದಿ ನಲ್ಲಿಗೆ ನೀರು ತರಕ್ಕೆ ಕಳಿಸಿದರೆ ಮುಗೀತು. ಹೆಂಗಸರೆಲ್ಲ ಅವನನ್ನ ಹಿಂದಕ್ಕೆ ತಳ್ಳಿ ಹಿಡ್ಕೊಂಡು ಹೋಗೋರು. ಇವನು ಕೊಡ ತಬ್ಬಿಕೊಂಡು ನಿಂತೇ ಇರೋನು. ಹೋಗಿ ನಾನು ಜಗಳ ಆಡಬೇಕಿತ್ತು. ದೊಡ್ಡವನಾದ ಮೇಲಾದರೂ ಕಲಿತನಾ? ಎಲ್ಲಿ!" ಎಂದು ನಗಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

*

ಮೆಟ್ಟಿಲು ಹತ್ತಲಾಗದ ಅಮ್ಮಣ್ಣಿ ಅಂದು ಪಕ್ಕದ ಕಂಬಿ ಹಿಡಿದು ಎರಡು ಮಹಡಿ ಹತ್ತಿದರು. ಹತ್ತುವ ಮುಂಚೆ, ಕೆಳಗೆ ತಮ್ಮನ ಮುಖ ನೋಡಿ, ಅತ್ತು, ಆದ ಮೇಲೆ ಅವರು ಕೇಳಿದ ಮೊದಲ ಮಾತು, "ಅಂಬುಜ ಎಲ್ಲಿ?"

ಬಾಗಿಲಾಚೆ ನಿಂತಿದ್ದ ಶ್ರೀಪ್ರಿಯಾಗೆ ಒಳಗಿನ ಮಾತು ಕೇಳಿಸುತ್ತಿತ್ತು.

"ಏಳೇ."

"ಅತ್ತಿಗೆ, ನನ್ನನ್ನ ಬಲವಂತ ಮಾಡಬೇಡಿ. ನಾನು ಏನಂದೆ ಅಂತ ನಿಮಗೆ ಗೊತ್ತಿಲ್ಲ."

"ಗೊತ್ತು. ಪ್ರಿಯಾ ದಾರೀಲಿ ಹೇಳಿದಳು. ಗಂಡನಿಗೆ ಬೈಯದೇ ಇರೋಳು ಯಾವಳೇ? ನಾನು ನಿಮ್ಮ ಭಾವನಿಗೆ ಬೈತಿದ್ದ ಬೈಗುಳ ಕೇಳಿದ್ದರೆ ಯಮ ನಮ್ಮ ಬೀದಿಗೇ ಬರ್ತಿರಲಿಲ್ಲ. ಆ ಮನುಷ್ಯ ಅದಕ್ಕೇ ಅಷ್ಟು ವರ್ಷ ಬದುಕಿದ್ದು." ಅಮ್ಮಣ್ಣಿಯ ಧ್ವನಿ ತಗ್ಗಿತು. "ನನ್ನ ಮಂಡಿ ನೋಡು, ಹತ್ತಿ ಬಂದಿದೀನಿ. ಒಬ್ಬಳೇ ಇಳೀಲಾರೆ. ನನ್ನನ್ನ ಇಳಿಸಕ್ಕಾದರೂ ಬಾ."

ಅಂಬುಜಮ್ಮ ಅತ್ತಿಗೆಯ ತೋಳು ಹಿಡಿದು ಇಳಿದು ಬಂದರು. ಯಾರು ಯಾರನ್ನು ಹಿಡಿದಿದ್ದರೋ ಹೇಳುವ ಹಾಗಿರಲಿಲ್ಲ. ಕೊನೆಯ ಮೆಟ್ಟಿಲಲ್ಲಿ ಗುಣವತಿ ಅವರ ಅಂಗೈಗೆ ಅಕ್ಕಿ ಹಾಕಿ ಬೆರಳು ಮಡಿಸಿದರು. ಮಲಗಿಸಿದ್ದ ಕಡೆಗೆ ಹೋಗಲು ಕಾರಿಗೂ ಗೋಡೆಗೂ ನಡುವೆ ಒಬ್ಬರು ನಡೆಯುವಷ್ಟೇ ದಾರಿ. ಸಂಜೆಯ ಬಿಸಿಲು ನೇರವಾಗಿ ಡಿಕ್ಕಿಯ ಮೇಲೆ ಬೀಳುತ್ತಿತ್ತು.

ಅಂಬುಜಮ್ಮ ಎರಡು ಹೆಜ್ಜೆ ಇಟ್ಟವರು ನಿಂತರು. ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಪೆಟ್ರೋಲ್ ವಾಸನೆ."

ಪುರೋಹಿತರು ಮಂತ್ರ ನಿಲ್ಲಿಸಿ ನೋಡಿದರು.

"ಈ ಕಾರಿಂದ ಈ ವಾಸನೆ ಹೋಗಿ ಎಷ್ಟೋ ಕಾಲವಾಯ್ತಲ್ಲ. ಇವತ್ತೇನು ಮತ್ತೆ?" ಅಳಿಯನ ಕಡೆ ತಿರುಗಿದರು.

ಮುರಳೀಧರ ಹೆಂಡತಿಯನ್ನು ನೋಡಿದ. ಶ್ರೀಪ್ರಿಯಾ ಬಳೆ ತಿರುಗಿಸುತ್ತಾ ನಿಂತಳು.

"ಪೆಟ್ರೋಲ್ ಹಾಕಿಸಿದ್ವಿ ಅತ್ತೆ. ಸ್ವಲ್ಪ ಚೆಲ್ಲಿತು" ಎಂದ.

ಅಂಬುಜಮ್ಮನ ಮುಖ ಬಿಳಿಚಿತು. ಗೋಡೆಗೆ ಕೈ ಊರಿದರು. "ನನಗೆ ಆಗಲ್ಲ ಅತ್ತಿಗೆ. ನೋಡಿ, ಅವರಿಗೂ ಬೇಡ. ಬರಬೇಡ ಅಂತಲೇ ಹೇಳ್ತಿದಾರೆ. ಸತ್ಯಾ, ಈ ಅಕ್ಕಿ ತೊಗೊಳೋ, ನೀನೇ ಹಾಕು." ಮೆಟ್ಟಿಲ ಕಡೆ ತಿರುಗಿದರು.

ತೇಜು ದಾರಿಯಲ್ಲಿ ನಿಂತಿದ್ದಳು. ಅಮ್ಮ ಹಿಡಿಯಲು ಚಾಚಿದ ಕೈಯಿಂದ ತಪ್ಪಿಸಿಕೊಂಡಿದ್ದಳು.

"ಚೆಲ್ಲಿದ್ದಲ್ಲ ಅಜ್ಜಿ. ಅಪ್ಪ ಗೋಪಿಚಂದನ ತೆಗೆದುಬಿಟ್ಟರು."

"ಏನೇ ಅದು?"

"ತೇಜು!" ಎಂದಳು ಶ್ರೀಪ್ರಿಯಾ. ಮಗಳು ತಿರುಗಿ ನೋಡಲಿಲ್ಲ.

"ತಾತ ಪೈಪಿಗೆ ಹಚ್ಚಿದ್ದರು, ಅಜ್ಜಿಗೆ ವಾಸನೆ ಬರಬಾರದು ಅಂತ. ಅದು ಇದ್ದರೆ ಪೆಟ್ರೋಲ್ ಬೇಗ ಒಳಗೆ ಹೋಗಲ್ಲ. ಸ್ವಲ್ಪ ಬಿಟ್ಟು, ಸ್ವಲ್ಪ ನಿಂತು, ಮತ್ತೆ ಸ್ವಲ್ಪ ಬಿಡಬೇಕು. ಕ್ಯೂ ಇರ್ತಿರಲಿಲ್ಲ ಅಜ್ಜಿ. ತಾತ ಒಬ್ಬರೇ ನಿಂತ್ಕೋತಿದ್ದರು." ಒಂದು ಹೆಜ್ಜೆ ಮುಂದೆ ಬಂದು, ದಾರಿಯುದ್ದಕ್ಕೂ ಇಟ್ಟುಕೊಂಡು ಬಂದಿದ್ದನ್ನು ಕೇಳಿಯೇಬಿಟ್ಟಳು. "ಇನ್ಮೇಲೆ ಅಲ್ಲಿ ಯಾರು ನಿಂತ್ಕೋತಾರೆ ಅಜ್ಜಿ?"

ಅಂಬುಜಮ್ಮ ಮೊಮ್ಮಗಳನ್ನು ನೋಡಿದರು. ಕಾರನ್ನು ನೋಡಿದರು. ಅದರಾಚೆ ಮಲಗಿದ್ದವರ ಹಣೆಯ ನಾಮವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೂಗಿಗೆ ಒತ್ತಿ ಹಿಡಿದಿದ್ದ ಸೆರಗನ್ನು ಕೆಳಗಿಳಿಸಿ, ಕಾದ ಡಿಕ್ಕಿಯ ಪಕ್ಕದಲ್ಲಿ, ಆ ವಾಸನೆಯನ್ನು ಎದೆತುಂಬ ಎಳೆದುಕೊಂಡು, ಅವರ ಕಡೆಗೆ ಹೆಜ್ಜೆ ಇಟ್ಟರು.